ಆ ಪುಟವನ್ನು ಹರಿಯಬೇಡಿ



ಸಿಬಿಎಸ್‌ಇ 10ನೇ ತರಗತಿಯ ಇತಿಹಾಸ ಪುಸ್ತಕ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಉಂಟು. ರೂವಿಯಲ್ಲಿರಲಿ, ಸೊಹಾರ್‌ನಲ್ಲಿರಲಿ, ಸಲಾಲದಲ್ಲಿರಲಿ, ಅದೇ ಪುಸ್ತಕ. ಭಾರತದಲ್ಲಿ ರಾಷ್ಟ್ರೀಯತೆಯ ಪಾಠ ತೆರೆದರೆ ಶುರುವಿನಲ್ಲೇ ಒಂದು ಲೆಕ್ಕ ಸಿಗುತ್ತದೆ. ಮೊದಲ ಮಹಾಯುದ್ಧದ ಖರ್ಚಿಗೆ ಬ್ರಿಟಿಷರು ಸಾಲ ಎತ್ತಿದರು, ಸುಂಕ ಏರಿಸಿದರು, ಆದಾಯ ತೆರಿಗೆ ತಂದರು. 1913ರಿಂದ 1918ರೊಳಗೆ ಬೆಲೆಗಳು ದುಪ್ಪಟ್ಟಾದವು. ಹಳ್ಳಿಗಳಿಂದ ಗಂಡಸರನ್ನು ಬಲವಂತವಾಗಿ ಸೈನ್ಯಕ್ಕೆ ಸೇರಿಸಿದರು. ರೌಲಟ್ ಕಾಯ್ದೆ, ಜಲಿಯನ್‌ವಾಲಾ ಬಾಗ್, ಖಿಲಾಫತ್, ಅಸಹಕಾರ ಎಲ್ಲ ಬರುವುದು ಆಮೇಲೆ. ಲೆಕ್ಕಪತ್ರ ಬರೆದೇ ಹೊಟ್ಟೆ ಹೊರೆಯುವ ನಮಗೆ ಈ ಕ್ರಮ ಹಿಡಿಸಿತು. ಖರ್ಚು ಮೊದಲು, ಸಿಟ್ಟು ಆಮೇಲೆ.

ಈ ಪಾಠ ಮುಗಿದಾಗ ನಮ್ಮ ಸದಸ್ಯರೊಬ್ಬರ ಮಗಳಿಗೆ ಶಾಲೆಯಲ್ಲಿ ಎರಡು ಪುಟ ಬರೆಯಲು ಹೇಳಿದ್ದರು. ಯುದ್ಧ, ಪ್ರತಿಭಟನೆ, ನಾಗರಿಕ ಹಕ್ಕು, ಈ ಮೂರಕ್ಕೆ ಏನು ಸಂಬಂಧ, ನಿಮ್ಮದೇ ಮಾತಿನಲ್ಲಿ ಬರೆಯಿರಿ ಅಂತ. ಹುಡುಗಿ ಚೌರಿಚೌರಾದಿಂದ ಶುರು ಮಾಡಿ, ಉಮ್ಮನ ತವರು ಕಾಸರಗೋಡಿನ ಕಡೆಯ ಕಯ್ಯೂರಿಗೆ ಬಂದು, ಕೊನೆಗೆ ಒಂದು ಪ್ರಶ್ನೆ ಬರೆದಳು: 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಸತ್ತರಲ್ಲ, ಅದು ಪಾಠಪುಸ್ತಕದಲ್ಲಿ ಯಾವಾಗ ಬರುತ್ತದೆ? ರಾತ್ರಿ ಡ್ಯೂಟಿ ಮುಗಿಸಿ ಬಂದ ಉಪ್ಪ ಅದನ್ನು ಓದಿ, ಈ ಪುಟ ಹರಿದು ಬೇರೆ ಬರಿ ಎಂದರು. ಶುಕ್ರವಾರ ಜುಮಾ ಮುಗಿದ ಮೇಲೆ ವಿಷಯ ನಮ್ಮ ಮುಂದೆ ಬಂತು. ಕೂತವರಲ್ಲಿ ಹೆಚ್ಚಿನವರು ಉಪ್ಪನ ಕಡೆ. ನಾವು ಹುಡುಗಿಯ ಕಡೆ. ಯಾಕೆ ಅಂತ ಹೇಳುವುದಕ್ಕೇ ಈ ತಿಂಗಳ ಸಂಪಾದಕೀಯ.

ಉಪ್ಪನ ಹೆದರಿಕೆ ಸುಳ್ಳಲ್ಲ. ಪರವೂರಿನ ಅನ್ನ ತಿನ್ನುವವರು ಬಾಯಿ ಮೇಲೆ ಹಿಡಿತ ಇಟ್ಟುಕೊಂಡೇ ಬದುಕಬೇಕು. ಒಂದು ವಾಟ್ಸಾಪ್ ಸ್ಟೇಟಸ್‌ಗೆ ಕೆಲಸ ಹೋದವರ ಕಥೆ ಗಲ್ಫ್‌ನಲ್ಲಿ ಯಾರಿಗೆ ಗೊತ್ತಿಲ್ಲ ಹೇಳಿ? ಆದರೆ ಸ್ಟೇಟಸ್ ಬೇರೆ, ನೋಟ್ ಪುಸ್ತಕ ಬೇರೆ. ಮೇಷ್ಟ್ರು ಕೇಳಿದ ಪ್ರಶ್ನೆಗೆ ಮಗು ಯೋಚಿಸಿ ಬರೆದ ಉತ್ತರವನ್ನು ಉಪ್ಪನೇ ಹರಿಸಿದರೆ, ಮುಂದಿನ ಸಲ ಅವಳು ಬರೆಯುವುದೂ ಇಲ್ಲ, ನಮ್ಮ ಹತ್ತಿರ ಕೇಳುವುದೂ ಇಲ್ಲ. ಕೇಳುವುದು ಫೋನಿನ ಹತ್ತಿರ. ಅಲ್ಲಿ ಎಂತೆಂಥ ಉತ್ತರ ಸಿಗುತ್ತದೆ ಎಂದು ಎಲ್ಲರಿಗೂ ಗೊತ್ತುಂಟು.

ಇನ್ನು ಅವಳು ಬರೆದದ್ದಾದರೂ ಏನು? ಕಯ್ಯೂರು ಈಗ ಕೇರಳ. 1941ರಲ್ಲಿ ಅದು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆ, ಅಂದರೆ ನಮ್ಮದೇ ಜಿಲ್ಲೆ. ತೇಜಸ್ವಿನಿ ಹೊಳೆಯ ದಡದ ಊರು. ಭೂಮಿ ಜನ್ಮಿಗಳದ್ದು, ಬೆವರು ಒಕ್ಕಲಿನವರದ್ದು. ಗೇಣಿಯ ಮೇಲೆ ಹಲವು ಬಗೆಯ ವಸೂಲಿ, ಕೊಡದವರನ್ನು ಒಕ್ಕಲೆಬ್ಬಿಸುವುದು. ರೈತರು ಸಂಘ ಕಟ್ಟಿದರು. ಹೊರಗೆ ಎರಡನೇ ಮಹಾಯುದ್ಧ. 1939ರ ಸೆಪ್ಟೆಂಬರಿನಲ್ಲಿ ನಮ್ಮವರನ್ನು ಒಂದು ಮಾತೂ ಕೇಳದೆ ವೈಸರಾಯ್ ಭಾರತವನ್ನು ಯುದ್ಧಕ್ಕೆ ಎಳೆದಿದ್ದ. ಯುದ್ಧದ ಹೊತ್ತಿನಲ್ಲಿ ಸಂಘ, ಸಭೆ, ಬಾವುಟ ಎಂದರೆ ಸರಕಾರಕ್ಕೆ ಸಂಶಯ. ಮಾರ್ಚ್ ಕೊನೆಯ ವಾರ ಪೊಲೀಸರು ಊರಿಗೆ ನುಗ್ಗಿ ರೈತರನ್ನು ಹೊಡೆದರು, ಹಿಡಿದುಕೊಂಡು ಹೋದರು. ಅದರ ವಿರುದ್ಧ ಮಾರ್ಚ್ 28ರಂದು ಮೆರವಣಿಗೆ ಹೊರಟಿತು. ದಾರಿಯಲ್ಲಿ ಸುಬ್ಬರಾಯನ್ ಎಂಬ ಪೊಲೀಸ್ ಪೇದೆ ಎದುರಾದ. ಬಾವುಟ ಕೈಗೆ ಕೊಟ್ಟು ಅವನನ್ನು ಮೆರವಣಿಗೆಯಲ್ಲಿ ನಡೆಸಿದರು. ತಪ್ಪಿಸಿಕೊಳ್ಳಲು ಹೊಳೆಗೆ ಹಾರಿದವನು ಹೆಣವಾದ.

ಮಂಗಳೂರಿನ ಸೆಷನ್ಸ್ ಕೋರ್ಟಿನಲ್ಲಿ ವಿಚಾರಣೆ ನಡೆಯಿತು. 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ನಾಲ್ವರನ್ನು ಗಲ್ಲಿಗೇರಿಸಿದರು: ಮಠತ್ತಿಲ್ ಅಪ್ಪು, ಕೋಯಿತ್ತಾಟಿಲ್ ಚಿರುಕಂಡನ್, ಪೊಡೋರ ಕುಞಂಬು ನಾಯರ್, ಪಳ್ಳಿಕ್ಕಲ್ ಅಬೂಬಕರ್. ಗಲ್ಲುಶಿಕ್ಷೆಯಾಗಿದ್ದ ಐದನೆಯವನಿಗೆ ವಯಸ್ಸು ಸಾಲದು ಎಂದು ಜೀವ ಉಳಿಯಿತು. ನಮ್ಮ ಸುಳ್ಯ ಕಡೆಯ ನಿರಂಜನರು ಈ ಘಟನೆಯ ಮೇಲೆಯೇ 'ಚಿರಸ್ಮರಣೆ' ಕಾದಂಬರಿ ಬರೆದರು, 1955ರಲ್ಲಿ. ಅವರು ಹೈಸ್ಕೂಲು ಓದಿದ್ದು ಅಲ್ಲೇ ಹತ್ತಿರದ ನೀಲೇಶ್ವರದಲ್ಲಿ. ಅಬೂಬಕರ್ ಹೆಸರು ನಮ್ಮ ಎಷ್ಟೋ ಮನೆಗಳಲ್ಲಿರುವ ಹೆಸರೇ. ಆದರೆ ಈ ಅಬೂಬಕರನನ್ನು ಬಲ್ಲವರು ಆ ದಿನ ಕೂತವರಲ್ಲಿ ಇಬ್ಬರೇ.

ಹುಡುಗಿಯ ಬರಹದಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಬೇರೆ ಸಾಲು. ನಾಲ್ವರ ಹೆಸರು ಬರೆದ ಮೇಲೆ ಅವಳು, ಸುಬ್ಬರಾಯನ್‌ಗೂ ಮನೆ ಇದ್ದಿರಬೇಕಲ್ಲ, ಅವನೂ ಸಂಬಳಕ್ಕೆ ದುಡಿಯುವವನೇ ಅಲ್ವಾ ಎಂದು ಕೇಳಿದ್ದಾಳೆ. ಅದಕ್ಕೇ ಚೌರಿಚೌರಾವನ್ನು ಪಕ್ಕದಲ್ಲಿ ಇಟ್ಟಳು. ಅಲ್ಲಿ 1922ರ ಫೆಬ್ರವರಿಯಲ್ಲಿ ಠಾಣೆಗೆ ಬೆಂಕಿ ಬಿದ್ದು 22 ಪೊಲೀಸರು ಸತ್ತರು. ಗಾಂಧೀಜಿ ಇಡೀ ಚಳವಳಿಯನ್ನೇ ನಿಲ್ಲಿಸಿದರು. ಆದರೂ ಮರುವರ್ಷ 19 ಮಂದಿಗೆ ಗಲ್ಲಾಯಿತು. ನಿಲ್ಲಿಸಿದ್ದು ಸರಿಯೋ ತಪ್ಪೋ ಎಂದು ಅವಳು ತೀರ್ಪು ಕೊಟ್ಟಿಲ್ಲ. ಹದಿನೈದು ವರ್ಷದ ಮಗು ಎರಡೂ ಕಡೆಯ ಹೆಣ ಎಣಿಸಿ ಯೋಚಿಸುತ್ತದೆ ಎಂದಾದರೆ ಹೆದರಬೇಕಾದ್ದು ಯಾವುದಕ್ಕೆ? ಒಂದೇ ಕಡೆಯ ಹೆಣ ಎಣಿಸುವವರು ಊರಲ್ಲಿ ಈಗಾಗಲೇ ಬೇಕಾದಷ್ಟು ಇದ್ದಾರೆ, ನಮ್ಮವರಲ್ಲೂ ಇದ್ದಾರೆ.

ಮಂಗಳೂರಿನ ಪ್ರಶ್ನೆಗೂ ಹೀಗೆಯೇ. ಶಾಂತಿಯಿಂದ, ಆಯುಧ ಇಲ್ಲದೆ ಸೇರುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಭಾರತದ ನಾಗರಿಕರಿಗೆ ಕೊಟ್ಟಿದೆ. ಇದು ಗುಟ್ಟಿನ ವಿಷಯವಲ್ಲ, ಅವಳದೇ ತರಗತಿಗಳ ಪಾಠ. ಆ ದಿನ ಏನಾಯಿತು, ಯಾರು ಏನು ಹೇಳಿದರು, ಕೋರ್ಟಿಗೆ ಏನು ಹೋಯಿತು, ಪೇಪರು ತೆಗೆದು ಮಗಳ ಜೊತೆ ಕೂತು ಓದಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಿ.

ಯುದ್ಧ ಎಂದರೂ ನಮಗೆ ದೂರದ್ದಲ್ಲ. 1990ರ ಆಗಸ್ಟ್ 2ರಂದು ಇರಾಕ್ ಕುವೈತಿಗೆ ನುಗ್ಗಿದಾಗ ಅಲ್ಲಿದ್ದ ನಮ್ಮ ಹಿರಿಯರು ಕೈಗೆ ಸಿಕ್ಕಿದ ಚೀಲ ಹಿಡಿದು ಮರುಭೂಮಿ ದಾಟಿ ಅಮ್ಮಾನ್ ಸೇರಿದರು. ಅಲ್ಲಿಂದ ಏರ್ ಇಂಡಿಯಾ ಸುಮಾರು 1,70,000 ಭಾರತೀಯರನ್ನು ಊರಿಗೆ ತಂದಿತು. ವಿಮಾನದ ಕಥೆ ಸಿನಿಮಾ ಆಗಿದೆ. ಆಮೇಲಿನ ಕಥೆಯನ್ನು ಯಾರೂ ಹೇಳುವುದಿಲ್ಲ. 1991ರಲ್ಲಿ ವಿಶ್ವಸಂಸ್ಥೆ ಪರಿಹಾರ ಆಯೋಗ ಮಾಡಿತು. ಕುವೈತ್ ಬಿಟ್ಟು ಬರಬೇಕಾದ ಕೂಲಿಯವನಿಗೂ ಪರಿಹಾರ ಕೇಳುವ ಹಕ್ಕು ಬಂತು. ಒಬ್ಬನಿಗೆ 2,500 ಡಾಲರ್, ಕುಟುಂಬಕ್ಕೆ 5,000, ಬೇರೆ ಬಗೆಯ ಕ್ಲೇಮ್ ಹಾಕದವರಿಗೆ ಇನ್ನೂ ಸ್ವಲ್ಪ ಹೆಚ್ಚು. ಆದರೆ ಅಲ್ಲಿ ಇದ್ದೆವು, ಬಿಟ್ಟು ಬಂದೆವು ಎಂದು ತೋರಿಸಬೇಕಲ್ಲ! ಹಳೇ ಪಾಸ್‌ಪೋರ್ಟಿನ ಒಂದು ಮುದ್ರೆ ಆಗ ಚಿನ್ನದಷ್ಟು ಬೆಲೆಯದ್ದು.

ಈಗ ನಾವಿರುವ ನಾಡು. 1970ಕ್ಕೆ ಮೊದಲು ಇಡೀ ಒಮಾನಿನಲ್ಲಿ ಇದ್ದದ್ದು 3 ಶಾಲೆ, 900ರಷ್ಟು ಮಕ್ಕಳು, ಎಲ್ಲರೂ ಗಂಡು. ಕತ್ತಲಾದ ಮೇಲೆ ಮಸ್ಕತ್ತಿನ ಕೋಟೆ ಬಾಗಿಲು ಹಾಕುತ್ತಿದ್ದರು. ಸಲಾಲದ ಗೆಳೆಯರು ಮಳೆಗಾಲದಲ್ಲಿ ಪಿಕ್ನಿಕ್ ಹೋಗುವ ದೋಫಾರಿನ ಗುಡ್ಡಗಳಲ್ಲಿ 1975ರವರೆಗೆ ಯುದ್ಧ ಇತ್ತು. ಇವತ್ತು ಆಫೀಸುಗಳಲ್ಲಿ ನಮ್ಮ ಮೇಲಧಿಕಾರಿಗಳಾಗಿ ಒಮಾನಿ ಹೆಣ್ಣುಮಕ್ಕಳು ಕೂತಿದ್ದಾರೆ. ಇದೂ ಇತಿಹಾಸವೇ, ಮಕ್ಕಳಿಗೆ ಇದನ್ನೂ ಹೇಳಬೇಕು.

ಕೆಲಸಗಾರನ ಹಕ್ಕಿನ ವಿಷಯದಲ್ಲಂತೂ ನಾವೇ ಸಾಕ್ಷಿ. ಎನ್‌ಒಸಿ ಸಿಗದೆ ಎರಡು ವರ್ಷ ಬ್ಯಾನ್ ಬಿದ್ದು ಊರಲ್ಲಿ ಕೂತವರು ಈ ಪತ್ರಿಕೆಯ ಓದುಗರಲ್ಲೇ ಇದ್ದಾರೆ. 2021ರ ಜನವರಿ 1ರಿಂದ ಕರಾರು ಮುಗಿಸಿದವನಿಗೆ ಹಳೇ ಧಣಿಯ ಆ ಚೀಟಿ ಬೇಡವಾಯಿತು. 2023ರ ಜುಲೈಯಲ್ಲಿ ಹೊಸ ಕಾರ್ಮಿಕ ಕಾಯ್ದೆ ಬಂತು. ಅದರ ಪ್ರಕಾರ ನಿಮ್ಮ ಲಿಖಿತ ಒಪ್ಪಿಗೆ ಇಲ್ಲದೆ ಕಂಪೆನಿ ನಿಮ್ಮ ಪಾಸ್‌ಪೋರ್ಟ್ ಇಟ್ಟುಕೊಳ್ಳುವಂತಿಲ್ಲ. ಇಲ್ಲಿ ನಾವು ಬೀದಿಗೆ ಇಳಿಯುವವರಲ್ಲ, ಇಳಿಯಲೂಬಾರದು, ಇದನ್ನು ಸಂಶಯ ಇಲ್ಲದ ಹಾಗೆ ಹೇಳುತ್ತೇವೆ. ಸಂಬಳ ಬಾರದಿದ್ದರೆ ಕಾರ್ಮಿಕ ಸಚಿವಾಲಯದಲ್ಲಿ ದೂರು ಕೊಡುವ ದಾರಿ ಉಂಟು, ರಾಯಭಾರ ಕಚೇರಿಯ ಓಪನ್ ಹೌಸ್ ಉಂಟು. ಎರಡೂ ಕಡೆ ಮೊದಲು ಕೇಳುವುದು ಕಾಗದ: ಕರಾರು ಪತ್ರ, ಸಂಬಳದ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್. ದೂರು ಬರೆಯಲು ನಮ್ಮ ಸಂಘಕ್ಕೆ ಬರುವ ಅಣ್ಣಂದಿರಲ್ಲಿ ಹಲವರಿಗೆ, ನಡೆದದ್ದನ್ನು ತಾರೀಕು ಹಾಕಿ ಒಂದರ ನಂತರ ಒಂದು ಹೇಳುವುದೇ ಕಷ್ಟ. ಆ ಹುಡುಗಿ ಎರಡು ಪುಟದಲ್ಲಿ ಮಾಡಿದ್ದು ಅದೇ ಕೆಲಸ. ಅದನ್ನು ಹರಿಯುವುದೇ?

ಮುಂದಿನ ಸಂಚಿಕೆಯಲ್ಲಿ ನಾಲ್ಕು ಪುಟ 8ರಿಂದ 12ನೇ ತರಗತಿಯ ಮಕ್ಕಳಿಗೆ ಬಿಟ್ಟಿದ್ದೇವೆ. ಉಪ್ಪನನ್ನೋ ಉಮ್ಮನನ್ನೋ ಅಜ್ಜನನ್ನೋ ಕೂರಿಸಿ, ಅವರು ಕಂಡ ಒಂದು ಯುದ್ಧ, ಒಂದು ಗಲಾಟೆ, ಒಂದು ಕಾನೂನು ಬದಲಾದ ದಿನ, ಯಾವುದಾದರೂ ಒಂದನ್ನು ಕೇಳಿ ಬರೆಯಲಿ. ತಾರೀಕು ಹಾಕಲಿ, ಯಾರು ಹೇಳಿದ್ದು ಎಂದು ಬರೆಯಲಿ. ಕಂಪೆನಿಯ ಹೆಸರು, ಧಣಿಯ ಹೆಸರು ಬೇಡ, ಬರೆದವರ ಹೆಸರು ಅಚ್ಚು ಹಾಕುವುದು ಬೇಡ ಎಂದರೆ ಹಾಕುವುದಿಲ್ಲ. ನಡುವೆ ಬ್ಯಾರಿ ಮಾತು ಬಂದರೆ ಇರಲಿ, ಕನ್ನಡ ಬರೆಯಲು ಬಾರದಿದ್ದರೆ ಹೇಳಲಿ, ನಾವು ಬರೆದುಕೊಳ್ಳುತ್ತೇವೆ. ಕೈಬರಹದ ಕಾಗದಗಳನ್ನು ಶುಕ್ರವಾರದ ಸಭೆಗೆ ತಂದು ಕೊಟ್ಟರೆ ಸಾಕು.