ಮೈಮೇಲೆ ಎರಗುವ ಹುಂಜ ಮನೆಗೆ ಹೆಮ್ಮೆಯಲ್ಲ

ಕಾಸರಗೋಡು, ಮಂಜೇಶ್ವರ ಕಡೆಯ ನಮ್ಮ ಕೃಷಿಕರ ಮನೆಗಳಲ್ಲಿ ನಾಲ್ಕಾರು ಹೇಂಟೆ, ಒಂದು ಹುಂಜ ಸಾಕುವುದು ಹಿರಿಯರ ಕಾಲದಿಂದ ಬಂದ ರೂಢಿ. ಮಕ್ಕಳಿಗೆ ಮೊಟ್ಟೆ, ಬಸಳೆ ಚಪ್ಪರಕ್ಕೆ ಗೊಬ್ಬರ, ಹಬ್ಬಕ್ಕೆ ಪದಾರ್ಥ ಎಲ್ಲವೂ ಇದರಿಂದಲೇ ಆಗುತ್ತದೆ. ಆದರೆ ಕೆಲವು ಮನೆಗಳ ಹುಂಜ ಅಂಗಳಕ್ಕೆ ಕಾಲಿಟ್ಟವರ ಮೇಲೆಲ್ಲ ಎರಗುತ್ತದೆ. ಮನೆಯವರು ಅದನ್ನು ನೋಡಿ ನಗುತ್ತಾರೆ. “ನಮಗೆ ನಾಯಿ ಯಾಕೆ, ಹುಂಜ ಉಂಟಲ್ಲ” ಎಂದು ಹೆಮ್ಮೆಪಡುತ್ತಾರೆ. ಇದು ನಗುವ ವಿಷಯವಲ್ಲ, ಹೆಮ್ಮೆಯ ವಿಷಯವಂತೂ ಅಲ್ಲ ಎಂಬುದು ನಮ್ಮ ಅಭಿಪ್ರಾಯ.

ಹುಂಜದ ಕಾಲಿನ ಹಿಂಬದಿಯ ಮುಳ್ಳು ವಯಸ್ಸಾದಂತೆ ಉದ್ದವಾಗಿ ಚೂಪಾಗುತ್ತದೆ. ಹಾರಿ ಒದ್ದರೆ ಅದು ದೊಡ್ಡವರಿಗೆ ತಾಗುವುದು ಮೊಣಕಾಲಿನ ಆಸುಪಾಸಿಗೆ. ಮೂರು ವರ್ಷದ ಮಗುವಿಗಾದರೆ ಮುಖಕ್ಕೆ, ಕಣ್ಣಿಗೆ. ವಯಸ್ಸಾದವರಿಗೂ ಅಪಾಯ ಕಡಿಮೆಯಲ್ಲ. ಆಸ್ಟ್ರೇಲಿಯಾದಲ್ಲಿ ಮೊಟ್ಟೆ ತೆಗೆಯಲು ಹೋದ 76 ವರ್ಷದ ಮಹಿಳೆಯೊಬ್ಬರ ಕಾಲನ್ನು ಹುಂಜ ಕುಕ್ಕಿತು. ಕಾಲಿನ ಉಬ್ಬಿದ ರಕ್ತನಾಳ ಒಡೆದು, ರಕ್ತ ನಿಲ್ಲದೆ ಅವರು ತೀರಿಕೊಂಡರು. ಈ ಪ್ರಕರಣ 2019ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಯಿತು. ವರ್ಷಗಟ್ಟಲೆ ಗದ್ದೆ ತೋಟಗಳಲ್ಲಿ ನಿಂತು ದುಡಿದ ನಮ್ಮ ಅಮ್ಮಂದಿರ, ಅಜ್ಜಿಯಂದಿರ ಕಾಲುಗಳಲ್ಲೂ ಇಂತಹ ಉಬ್ಬಿದ ನಾಳಗಳನ್ನು ನಾವು ಕಾಣುತ್ತೇವೆ.

ಹುಂಜ ಹೀಗೆ ಮಾಡುವುದು ಹಗೆಯಿಂದಲ್ಲ. ತನ್ನ ಹೇಂಟೆಗಳನ್ನು ಕಾಯುವುದು ಅದರ ಸ್ವಭಾವ. ಪ್ರಾಯಕ್ಕೆ ಬಂದಂತೆ ಆ ಸ್ವಭಾವ ಏರುತ್ತದೆ. ಅದಕ್ಕೆ ನೀರೆರೆಯುವುದು ಹಲವು ಸಲ ಮನುಷ್ಯರೇ. ಮಕ್ಕಳು ಕೋಲು ತೋರಿಸಿ ಕೆಣಕುತ್ತಾರೆ. ದೊಡ್ಡವರು ಸಿಟ್ಟಿನಿಂದ ಒದೆಯುತ್ತಾರೆ. ಹುಂಜದ ಲೆಕ್ಕದಲ್ಲಿ ಇದು ಜಗಳಕ್ಕೆ ಕರೆದಂತೆ. ಹೆದರಿ ಓಡಿದರೂ ತಾನು ಗೆದ್ದೆನೆಂದೇ ಅದು ತಿಳಿಯುತ್ತದೆ. ಸಣ್ಣ ಅಂಗಳದಲ್ಲಿ ಮೂರು ನಾಲ್ಕು ಹುಂಜಗಳಿದ್ದರಂತೂ ದಿನವಿಡೀ ಕಾದಾಟ. ಹೇಂಟೆಗಳ ಬೆನ್ನಿನ ಗರಿಯೂ ಉಳಿಯುವುದಿಲ್ಲ.

ಆದ್ದರಿಂದ ಮೊದಲು ಲೆಕ್ಕ ಸರಿಮಾಡಬೇಕು. 8ರಿಂದ 10 ಹೇಂಟೆಗಳಿಗೆ ಒಂದು ಹುಂಜ ಸಾಕು. ಬರೀ ಮೊಟ್ಟೆ ತಿನ್ನುವುದಕ್ಕಾದರೆ ಹುಂಜವೇ ಬೇಡ. ಹುಂಜವಿಲ್ಲದೆಯೂ ಹೇಂಟೆ ಮೊಟ್ಟೆ ಇಡುತ್ತದೆ. ಕಾವಿಗೆ ಇಟ್ಟು ಮರಿ ಮಾಡಿಸುವವರಿಗೆ ಮಾತ್ರ ಹುಂಜ ಬೇಕು. ಕೆಣಕುವ ಆಟವನ್ನು ಮಕ್ಕಳಿಗೆ ಬಿಡಿಸಬೇಕು. ಹುಂಜ ಎದುರು ಬಂದಾಗ ಒದೆಯದೆ, ಬೆನ್ನು ತಿರುಗಿಸಿ ಓಡದೆ, ಬುಟ್ಟಿಯನ್ನೋ ಹಿಡಿಸೂಡಿಯನ್ನೋ ನಡುವೆ ಹಿಡಿದು ಮೆಲ್ಲನೆ ಸರಿಯಬೇಕು. ಮುಳ್ಳು ಉದ್ದವಾಗಿದ್ದರೆ ರಾತ್ರಿ, ಅದು ಗೂಡಿನಲ್ಲಿ ಕುಳಿತಾಗ ಹಿಡಿದು, ತುದಿಯನ್ನು ಮಾತ್ರ ಅರದಿಂದ ಉಜ್ಜಿ ಮೊಂಡು ಮಾಡಬಹುದು. ಬುಡಕ್ಕೆ ಕತ್ತಿ ಹಾಕಬಾರದು. ಒಳಗೆ ಎಲುಬಿದೆ, ರಕ್ತವಿದೆ. ಕೈಬಾರದವರು ಮೃಗಾಸ್ಪತ್ರೆಯಲ್ಲಿ ವಿಚಾರಿಸುವುದು ಒಳ್ಳೆಯದು.

ಇಷ್ಟಾದ ಮೇಲೂ ಮನುಷ್ಯರ ಮೇಲೆ ಹಾರುವುದನ್ನು ಬಿಡದಿದ್ದರೆ ಅಂತಹ ಹುಂಜವನ್ನು ಇಟ್ಟುಕೊಳ್ಳಬಾರದು. ಸಣ್ಣ ಮಕ್ಕಳಿರುವ ಮನೆಯಲ್ಲಂತೂ ಮೊದಲ ದಿನವೇ ಬೇಲಿಯೊಳಗೆ ಹಾಕಬೇಕು. “ಗಿಡುಗ, ಮುಂಗುಸಿ ಬಂದರೆ ಕೂಗುವವರಾರು?” ಎಂದು ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಗಿಡುಗನನ್ನು ಕಂಡು ಎಚ್ಚರಿಸುವುದು ಬೇರೆ, ಅನ್ನ ಹಾಕುವ ಕೈಯನ್ನು ಕುಕ್ಕುವುದು ಬೇರೆ. ಸಾಧು ಹುಂಜವೂ ತನ್ನ ಹಿಂಡನ್ನು ಕಾಯುತ್ತದೆ. ಅಂತಹದ್ದನ್ನೇ ಆರಿಸಿ ಉಳಿಸಿಕೊಳ್ಳಬೇಕು. ಗುಣ ರಕ್ತದಲ್ಲಿ ಹರಿಯುತ್ತದೆ. ಕಾದಾಟಕ್ಕೆಂದೇ ಬೆಳೆಸಿದ ಅಸೀಲ್ ತಳಿಯೇ ಇದಕ್ಕೆ ಸಾಕ್ಷಿ. ಕುಕ್ಕುವ ಹುಂಜದ ಮೊಟ್ಟೆಗಳನ್ನು ಕಾವಿಗೆ ಇಟ್ಟರೆ ಮುಂದಿನ ವರ್ಷವೂ ಅದೇ ಗೋಳು.

ಹಾಗಾದರೆ ಅದನ್ನು ಏನು ಮಾಡುವುದು? ಹಬ್ಬದ ಅಡಿಗೆಗೆ ಬಳಸಿದರೆ ತಪ್ಪಿಲ್ಲ. ನೋವು ಹೆಚ್ಚಾಗದಂತೆ ಒಂದೇ ಏಟಿಗೆ ಮುಗಿಸಬೇಕು, ಅಷ್ಟೆ. ಗುಣ ಮುಚ್ಚಿಟ್ಟು ನೆರೆಯವರಿಗೆ ಮಾರುವುದು ನಮ್ಮ ಮನೆಯ ಅಪಾಯವನ್ನು ಅವರ ಮಗುವಿನ ಬಳಿಗೆ ದಾಟಿಸಿದಂತೆ. ಇನ್ನು ಕೋಳಿ ಅಂಕ. ನಮ್ಮ ತುಳುನಾಡಿನಲ್ಲಿ ಜಗಳಗಂಟ ಹುಂಜಕ್ಕೆ ಒಳ್ಳೆಯ ಬೆಲೆ ಕೊಡುವವರು ಅಲ್ಲಿಯೇ ಸಿಗುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಪ್ರಾಣಿಗಳನ್ನು ಕಾದಾಟಕ್ಕೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯಂತೆ ಅಪರಾಧ. 2021ರ ಫೆಬ್ರವರಿಯಲ್ಲಿ ತೆಲಂಗಾಣದ ಜಗಿತ್ಯಾಲ ಜಿಲ್ಲೆಯಲ್ಲಿ, ಅಂಕಕ್ಕೆ ತಂದ ಹುಂಜದ ಕಾಲಿಗೆ ಕಟ್ಟಿದ್ದ ಕತ್ತಿ ತಾಗಿ ಒಬ್ಬರು ಜೀವ ಕಳೆದುಕೊಂಡರು. ನೂರು ರೂಪಾಯಿ ಹೆಚ್ಚು ಸಿಗುತ್ತದೆಂದು ಕೋಳಿಯನ್ನು ಆ ದಾರಿಗೆ ಕಳುಹಿಸುವುದು ಕೃಷಿಕನಿಗೆ ಭೂಷಣವಲ್ಲ.

ಗಾಯವಾದರೆ ಏನು ಮಾಡಬೇಕೆಂಬುದನ್ನೂ ತಿಳಿದಿರಬೇಕು. ಕೋಳಿಯಿಂದ ಹುಚ್ಚುನಾಯಿ ರೋಗ ಬರುವುದಿಲ್ಲ. ಆದರೆ ಮುಳ್ಳಿನ ಗಾಯ ಹೊರಗೆ ಸಣ್ಣದು, ಒಳಗೆ ಆಳ. ಮಣ್ಣು, ಹಿಕ್ಕೆಯೊಂದಿಗೆ ಧನುರ್ವಾಯುವಿನ ರೋಗಾಣು ಒಳಹೊಗಬಹುದು. ಹರಿಯುವ ನೀರು, ಸಾಬೂನಿನಿಂದ ಚೆನ್ನಾಗಿ ತೊಳೆಯಿರಿ. ಸುಣ್ಣ, ಕಾಫಿಪುಡಿ, ಸೆಗಣಿ ಹಚ್ಚಬೇಡಿ. ರಕ್ತ ಜೋರಾಗಿದ್ದರೆ ಮಲಗಿಸಿ, ಕಾಲನ್ನು ಎತ್ತರಕ್ಕಿಟ್ಟು, ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು ಆಸ್ಪತ್ರೆಗೆ ಒಯ್ಯಿರಿ. ಧನುರ್ವಾಯುವಿನ ಚುಚ್ಚುಮದ್ದು ಬೇಕೇ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿರಿ. ಮಕ್ಕಳಿಗೆ 10 ಮತ್ತು 16ನೇ ವರ್ಷದಲ್ಲಿ ಕೊಡುವ ಟಿ.ಡಿ. ಲಸಿಕೆಯನ್ನು ತಪ್ಪಿಸಬೇಡಿ. ಸಕ್ಕರೆ ಕಾಯಿಲೆಯವರು ಕಾಲಿನ ಸಣ್ಣ ಗಾಯವನ್ನೂ ಅಲಕ್ಷಿಸಬಾರದು. ಕಣ್ಣಿಗೆ ತಾಗಿದರೆ ಉಜ್ಜದೆ, ಒತ್ತದೆ, ಯಾವ ಮನೆಮದ್ದೂ ಹಾಕದೆ ತಡಮಾಡದೆ ಕಣ್ಣಿನ ವೈದ್ಯರ ಬಳಿ ಹೋಗಬೇಕು.

ಹುಂಜ ಹೋದರೆ ಸಂತೆಯಲ್ಲಿ ಇನ್ನೊಂದು ಸಿಗುತ್ತದೆ. ಮಗುವಿನ ಕಣ್ಣು ಯಾವ ಸಂತೆಯಲ್ಲೂ ಸಿಗದು. ಈ ವಾರ ಪ್ರತಿಯೊಬ್ಬರೂ ತಮ್ಮ ಅಂಗಳದ ಹುಂಜವನ್ನು ಆ ಮಗುವಿನ ಎತ್ತರದಿಂದ ಒಮ್ಮೆ ನೋಡಿ, ಆಮೇಲೆ ತೀರ್ಮಾನಿಸಲಿ.