ಹೆಸರಿಗೆ ಮಾಲೆ, ಮನೆಗೆ ಮರೆವು



ಮಾವಳ್ಳಿಯ ಕಡೆಯಿಂದ ಲಾಲ್‌ಬಾಗನ್ನು ಪ್ರವೇಶಿಸುವ ನೀವು ಅಲ್ಲಿಯ ಗಾಜಿನ ಮನೆಯನ್ನು ಫಲಪುಷ್ಪ ಪ್ರದರ್ಶನದ ಮಂಟಪವೆಂದಷ್ಟೇ ಬಲ್ಲಿರಿ. 1969ರ ಜುಲೈ ತಿಂಗಳಿನಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯು ಅಲ್ಲಿಯೇ ಸಮಾವೇಶಗೊಂಡಿತ್ತು. ಅಧ್ಯಕ್ಷರಾಗಿದ್ದವರು ಎಸ್. ನಿಜಲಿಂಗಪ್ಪನವರು. ಆ ವರ್ಷ ಮುಗಿಯುವುದರೊಳಗೆ ಪಕ್ಷವೇ ಇಬ್ಭಾಗವಾಯಿತು. 1889ರಲ್ಲಿ ಅಡಿಗಲ್ಲು ಕಂಡ ಗಾಜಿನ ಮನೆ ಇಂದಿಗೂ ಸುರಕ್ಷಿತವಾಗಿದೆ. ಆದರೆ ಚಿತ್ರದುರ್ಗದಲ್ಲಿರುವ ಆ ಅಧ್ಯಕ್ಷರ ಸ್ವಂತ ಮನೆಯ ಗತಿಯೇನು?

2000ದಲ್ಲಿ ಅವರು ಲಿಂಗೈಕ್ಯರಾದ ತರುವಾಯ ಆ ಮನೆಯನ್ನು ಸ್ಮಾರಕವಾಗಿಸುವ ಮಾತು ಸರ್ಕಾರದಿಂದ ಬಂದಿತು. ಕಡತಗಳ ನಡುವೆ ಆ ಮಾತು ವರ್ಷಗಟ್ಟಲೆ ತೊಳಲಿತು. ಕೊನೆಗೆ 2024ರಲ್ಲಿ ಮನೆ ಮಾರಾಟಕ್ಕಿದೆಯೆಂಬ ವಾರ್ತೆಯನ್ನು ನಾವು ಓದಬೇಕಾಯಿತು. ವಾರಸುದಾರರನ್ನು ದೂಷಿಸುವುದು ಸಲ್ಲದು, ಸ್ವತ್ತು ಅವರದಾಗಿತ್ತು. ಲಜ್ಜೆ ಮಾತ್ರ ನಮ್ಮೆಲ್ಲರದು.

1902ರಲ್ಲಿ ಹಲುವಾಗಲಿನಲ್ಲಿ ಜನಿಸಿದಾಗ ಅವರು ಮದರಾಸು ಪ್ರಾಂತದ ಕನ್ನಡಿಗರು. ಚಿತ್ರದುರ್ಗದಲ್ಲಿ ವಕೀಲರಾದಾಗ ಮೈಸೂರು ಸಂಸ್ಥಾನದವರು. ಹರಿದು ಹಂಚಿಹೋದ ನಾಡಿನ ನೋವನ್ನು ಸ್ವಂತ ಬಾಳಿನಲ್ಲಿಯೇ ಕಂಡ ಈ ಪುರುಷರು 1956ರ ನವೆಂಬರ್ 1ರಂದು ಏಕೀಕೃತ ರಾಜ್ಯದ ಪ್ರಥಮ ಮುಖ್ಯಮಂತ್ರಿಗಳಾದರು. ಇಂಥವರ ಹೆಸರು ಬಾಗಲಕೋಟೆಯ ವೈದ್ಯಕೀಯ ಕಾಲೇಜಿಗೂ ಬೆಳಗಾವಿಯ ಸಕ್ಕರೆ ಸಂಸ್ಥೆಗೂ ಇದೆ. ಹೆಸರಿಡುವುದಕ್ಕೆ ಫಲಕವೊಂದು ಸಾಕು. ಮನೆಯನ್ನು ಉಳಿಸುವುದಕ್ಕೆ ಪ್ರತಿ ಮಳೆಗಾಲದಲ್ಲಿಯೂ ಹೆಂಚು ನೋಡುವ ಶ್ರದ್ಧೆ ಬೇಕು.

ಕಾನೂನು ಕಾಯುತ್ತದೆಂದು ನಂಬಿ ಕೂರುವಂತಿಲ್ಲ. 1958ರ ಕೇಂದ್ರ ಶಾಸನವು ನೂರು ವರ್ಷ ತುಂಬಿದ ಕಟ್ಟಡಗಳನ್ನು ಪುರಾತನವೆಂದು ಪರಿಗಣಿಸುತ್ತದೆ. ನಮ್ಮ ಅಜ್ಜಂದಿರ ಕಾಲದ ನಾಯಕರ ಮನೆಗಳು ಪುರಾತನವಾಗುವ ಮುನ್ನವೇ ನೆಲಸಮವಾಗಬಲ್ಲವು.

"ಶರಣ ಧರ್ಮವು ಸ್ಥಾವರವನ್ನು ಒಪ್ಪದು, ಗೋಡೆಗಳಿಗೇಕೆ ಇಷ್ಟು ವ್ಯಾಮೋಹ?" ಎಂದು ನಿಮ್ಮಲ್ಲಿ ಕೆಲವರು ಕೇಳುವಿರಿ. ಮಹಾದ್ವಾರಕ್ಕೆ, ಕಲ್ಯಾಣಮಂಟಪಕ್ಕೆ, ಬೆಳ್ಳಿಯ ಪಲ್ಲಕ್ಕಿಗೆ ಚಂದಾ ಎತ್ತುವಾಗ ಈ ತತ್ತ್ವ ಯಾರಿಗೂ ನೆನಪಾಗದು! ಈ ದೋಷದಿಂದ ಮಠಾಧಿಪತಿಗಳಾದ ನಾವೂ ಮುಕ್ತರಲ್ಲ. ಅಣ್ಣನವರು ಖಂಡಿಸಿದ್ದು ಕಟ್ಟಿದವನ ಅಹಂಕಾರವನ್ನು. ಕೃತಘ್ನತೆಗೆ ಅವರು ಅನುಮತಿ ಪತ್ರ ಬರೆದುಕೊಟ್ಟಿಲ್ಲ.

ಹಾಗೆಂದು ಸರ್ಕಾರ ಮನೆಯನ್ನು ಕೊಂಡ ಮಾತ್ರಕ್ಕೆ ಕರ್ತವ್ಯ ಮುಗಿಯದು. ಮೇಜು ಕುರ್ಚಿಗಳಿಗೆ ಹಗ್ಗ ಕಟ್ಟಿ, ಜಯಂತಿಯ ದಿನ ಮಾತ್ರ ಬಾಗಿಲು ತೆರೆದರೆ ಅದು ನಿಜಕ್ಕೂ ಸ್ಥಾವರವೇ ಸರಿ. ಅಲ್ಲಿ ಏಕೀಕರಣದ ಕಾಗದಪತ್ರಗಳ ಭಂಡಾರವಿರಲಿ. ಬಡ ವಿದ್ಯಾರ್ಥಿಗಳಿಗೆ ವಾಚನಾಲಯವಿರಲಿ. ವಕೀಲರ ಮನೆಯಾದ್ದರಿಂದ ದಿಕ್ಕಿಲ್ಲದ ಕಕ್ಷಿಗಾರನಿಗೆ ಉಚಿತ ಸಲಹೆ ದೊರೆಯಲಿ. ಜನ ನಡೆದಾಡುವ ಮನೆಯೇ ಜಂಗಮ.

ಮಠದ ಪ್ರಸಾದ ನಿಲಯದಲ್ಲಿ ಉಂಡು ಕಲಿತು ಇಂದು ಅಧಿಕಾರ ಸ್ಥಾನಗಳಲ್ಲಿರುವ ಹಳೆಯ ವಿದ್ಯಾರ್ಥಿಗಳೇ, ಈ ಮಾತು ವಿಶೇಷವಾಗಿ ನಿಮಗೆ. ಮುಂದಿನ ಜಯಂತಿಗೆ ಮಾಲೆಯ ಹಣವನ್ನು ಉಳಿಸಿರಿ. ಆ ಮನೆಯ ಹೊಸ್ತಿಲಿಗೆ ಹೋಗಿ ನಿಂತು, ಒಳಗೆ ಏನು ನಡೆಯುತ್ತಿದೆಯೆಂದು ಕೇಳಿರಿ. ಉತ್ತರ ಬರುವವರೆಗೆ ಕೇಳುತ್ತಲೇ ಇರಿ.