ಮೆಗಾವಾಟ್ ಲೆಕ್ಕವನ್ನೇ ಪ್ರಶ್ನಿಸಿದ ಅಮೂಲ್ಯ ರೆಡ್ಡಿ

ರಾಯಚೂರು: ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ 1985ರಲ್ಲಿ ಕಾರ್ಯಾರಂಭ ಮಾಡಿತು. ಎಂಟು ಘಟಕಗಳಾಗಿ ಬೆಳೆದ ಅದರ ಸಾಮರ್ಥ್ಯ 1,720 ಮೆಗಾವಾಟ್‌ಗೆ ಏರಿತು. ಆದರೂ ಅದೇ ಜಿಲ್ಲೆಯ ಪೋತ್ನಾಳ, ಮಾನ್ವಿ, ದೇವದುರ್ಗದ ರೈತರ ಪಂಪ್‌ಸೆಟ್‌ಗಳಿಗೆ ತ್ರೀಫೇಸ್ ವಿದ್ಯುತ್ ದೊರೆಯುವುದು ನಿಗದಿತ ಅವಧಿಗೆ ಮಾತ್ರ. ಉತ್ಪಾದನೆ ಹೆಚ್ಚಿಸುವುದೊಂದೇ ಪರಿಹಾರವೆಂಬ ನಂಬಿಕೆಯನ್ನು ಮೂರು ದಶಕಗಳ ಹಿಂದೆಯೇ ಅಂಕಿಅಂಶಗಳ ಸಮೇತ ಪ್ರಶ್ನಿಸಿದವರು ಬೆಂಗಳೂರಿನ ವಿಜ್ಞಾನಿ ಅಮೂಲ್ಯ ಕೆ.ಎನ್. ರೆಡ್ಡಿ (1930–2006).

ರೆಡ್ಡಿ ಮೂಲತಃ ವಿದ್ಯುದ್ರಸಾಯನ ವಿಜ್ಞಾನಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದಾಗ 1974ರಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕೆ ಮೀಸಲಾದ ‘ಅಸ್ತ್ರ’ವನ್ನು ಹುಟ್ಟುಹಾಕಿದರು. ಅದರ ಫಲವಾಗಿ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಸಗಣಿ ಅನಿಲದಿಂದ ಎಂಜಿನ್ ನಡೆಸಿ, ಮನೆಗಳಿಗೆ ಬೆಳಕು, ಕುಡಿಯುವ ನೀರು ಒದಗಿಸುವ ಪ್ರಯೋಗ 1987ರಿಂದ ನಡೆಯಿತು.

ಅದೇ ವರ್ಷ ರಾಜ್ಯದ ದೀರ್ಘಾವಧಿ ವಿದ್ಯುತ್ ಯೋಜನಾ ಸಮಿತಿಯು 2000ನೇ ಇಸವಿಗೆ 4,750 ಕೋಟಿ ಯೂನಿಟ್ ಹಾಗೂ 9,400 ಮೆಗಾವಾಟ್ ಬೇಕೆಂದು ಅಂದಾಜಿಸಿತ್ತು. ರೆಡ್ಡಿ ಮತ್ತು ಸಹೋದ್ಯೋಗಿಗಳು 1991ರಲ್ಲಿ ಪ್ರಕಟಿಸಿದ ಪರ್ಯಾಯ ಲೆಕ್ಕದಲ್ಲಿ 1,790 ಕೋಟಿ ಯೂನಿಟ್, 4,000 ಮೆಗಾವಾಟ್ ಸಾಕಾಗಿತ್ತು. ಜನರಿಗೆ ಬೇಕಿರುವುದು ವಿದ್ಯುತ್ ಅಲ್ಲ. ಬೆಳಕು, ನೀರು, ಬಿಸಿನೀರು ಎಂಬುದು ಅದರ ತಿರುಳು. ದಕ್ಷ ಪಂಪ್, ಕಡಿಮೆ ವಿದ್ಯುತ್ ಬಳಸುವ ದೀಪ, ಸೌರ ಜಲತಾಪಕಗಳಿಂದ ಅದೇ ಸೌಲಭ್ಯವನ್ನು ಅಲ್ಪ ವೆಚ್ಚದಲ್ಲಿ ಒದಗಿಸಬಹುದೆಂದು ಅವರು ವಾದಿಸಿದರು. ಈ ಚಿಂತನೆಗಾಗಿ 2000ದಲ್ಲಿ ಮೂವರು ವಿದೇಶಿ ತಜ್ಞರೊಂದಿಗೆ ಅವರಿಗೆ ವೋಲ್ವೊ ಪರಿಸರ ಪ್ರಶಸ್ತಿ ಸಂದಿತು.

ಆದರೆ ಈ ಮಾರ್ಗದ ಕಷ್ಟವನ್ನೂ ಅಲ್ಲಗಳೆಯಲಾಗದು. ಸ್ಥಾವರ ಕಟ್ಟಲು ಒಂದು ನಿಗಮ ಸಾಕು. ದಕ್ಷತೆಗೆ ಲಕ್ಷಾಂತರ ಬಳಕೆದಾರರ ಸಹಕಾರ ಬೇಕು. ಹತ್ತು ಅಶ್ವಶಕ್ತಿವರೆಗಿನ ಪಂಪ್‌ಸೆಟ್‌ಗಳಿಗೆ 2008ರಿಂದ ಉಚಿತ ವಿದ್ಯುತ್ ನೀಡಲಾಗುತ್ತಿದೆ. ಹೀಗಿರುವಾಗ ದಕ್ಷ ಪಂಪ್‌ಗೆ ರೈತ ಸ್ವಂತ ಹಣ ಹೂಡಲು ಕಾರಣವೇ ಇಲ್ಲ. ಬಹುತೇಕ ಪಂಪ್‌ಗಳಿಗೆ ಮೀಟರ್ ಇಲ್ಲದ ಕಾರಣ ನಿಜವಾದ ಬಳಕೆಯೂ ಸ್ಪಷ್ಟವಾಗದು.

ಪಾವಗಡದಲ್ಲಿ 2,050 ಮೆಗಾವಾಟ್ ಸೌರ ಪಾರ್ಕ್ ತಲೆಯೆತ್ತಿದೆ. ಮೂಲ ಶುದ್ಧವಾಯಿತು, ಅಳತೆಗೋಲು ಬದಲಾಗಲಿಲ್ಲ. ಎಷ್ಟು ಮೆಗಾವಾಟ್ ಉತ್ಪಾದನೆಯಾಯಿತು ಎಂಬುದರ ಜೊತೆಗೆ, ಪೋತ್ನಾಳದ ಹೊಲಕ್ಕೆ ಹೊತ್ತಿಗೆ ಸರಿಯಾಗಿ ನೀರು ತಲುಪಿತೇ ಎಂಬ ಲೆಕ್ಕವನ್ನೂ ಇಡುವವರೆಗೆ ರೆಡ್ಡಿಯವರ ಪ್ರಶ್ನೆ ಜೀವಂತವಾಗಿಯೇ ಇರುತ್ತದೆ.